ಹವಾಮಾನ ನೀತಿ ನಿಜಕ್ಕೂ ಕೆಲಸ ಮಾಡಿತೇ? ಪಿಎಚ್‌ಡಿ ಮಾಡುವವರಿಗೆ ಅಳೆಯುವ ದಾರಿ

2020ರಲ್ಲಿ ಜಗತ್ತಿನ ಕಲ್ಲಿದ್ದಲು, ತೈಲ, ಅನಿಲಗಳಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ 5ರಷ್ಟು ಇಳಿಯಿತು. ಆ ವರ್ಷದ ಆರಂಭದಲ್ಲಿ ಜಾರಿಗೆ ಬಂದ ಯಾವುದಾದರೂ ಒಂದು ಹವಾಮಾನ ನೀತಿಯನ್ನು ಹಿಡಿದುಕೊಳ್ಳಿ. 2019ರ ಅಂಕಿಯಿಂದ 2020ರ ಅಂಕಿಯನ್ನು ಕಳೆಯಿರಿ. ನೀತಿ ಭರ್ಜರಿಯಾಗಿ ಗೆದ್ದಿದೆ ಅನ್ನಿಸುತ್ತದೆ. ಆದರೆ ಆ ವರ್ಷ ವಿಮಾನಗಳು ನೆಲದ ಮೇಲೆ ನಿಂತಿದ್ದವು, ರಸ್ತೆಗಳು ಖಾಲಿಯಿದ್ದವು ಅಂತ ನಮಗೆಲ್ಲ ಗೊತ್ತು. ಕಾಗೆ ಕೂತಿತು, ಟೊಂಗೆ ಮುರಿಯಿತು. ಕೂತದ್ದರಿಂದಲೇ ಮುರಿಯಿತೇ?

2020ರಲ್ಲಿ ಈ ತಪ್ಪು ಎದ್ದು ಕಾಣುತ್ತದೆ. ಉಳಿದ ವರ್ಷಗಳಲ್ಲಿ ಕಾಣುವುದಿಲ್ಲ, ಅದೇ ತೊಂದರೆ. ಯುರೋಪಿನಲ್ಲಿ ಹೊರಸೂಸುವಿಕೆ ವ್ಯಾಪಾರ ವ್ಯವಸ್ಥೆ ಅಂತ ಒಂದಿದೆ: ಒಟ್ಟು ಹೊರಸೂಸುವಿಕೆಗೆ ಮಿತಿ ಹಾಕಿ, ಅದರೊಳಗಿನ ಪರವಾನಗಿಗಳನ್ನು ಕಾರ್ಖಾನೆಗಳು ಕೊಂಡು ಮಾರುವ ಏರ್ಪಾಡು. ಅದರ ಎರಡನೇ ಹಂತ ಶುರುವಾಗಿದ್ದು 2008ರಲ್ಲಿ. ಅದೇ ಹೊತ್ತಿಗೆ ಆರ್ಥಿಕ ಕುಸಿತ ಬಂತು. ಕಾರ್ಖಾನೆಗಳು ಕಡಿಮೆ ಹೊಗೆ ಬಿಟ್ಟದ್ದು ನೀತಿಯಿಂದಲೋ, ಆರ್ಡರ್ ಇಲ್ಲದೆ ಯಂತ್ರ ನಿಂತಿದ್ದರಿಂದಲೋ? ಬರೀ ಗ್ರಾಫ್ ನೋಡಿ ಹೇಳಲು ಬರುವುದಿಲ್ಲ.

ನೀತಿಯ ಫಲ ಅಳೆಯುವುದೆಂದರೆ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಒಂದು, ನೀತಿ ಬಂದ ಮೇಲೆ ಏನಾಯಿತು. ಇನ್ನೊಂದು, ನೀತಿ ಬರದೇ ಇದ್ದಿದ್ದರೆ ಏನಾಗುತ್ತಿತ್ತು. ಮೊದಲನೆಯದು ಅಂಕಿ ಅಂಶಗಳಲ್ಲಿ ಸಿಗುತ್ತದೆ. ಎರಡನೆಯದು ಎಲ್ಲೂ ನಡೆದಿಲ್ಲ, ಯಾವ ಕಚೇರಿಯ ಕಡತದಲ್ಲೂ ಇಲ್ಲ. ಅದನ್ನು ನೀವೇ ಕಟ್ಟಬೇಕು, ಓದುವವರು ನಂಬುವ ಹಾಗೆ ಕಟ್ಟಬೇಕು. ನಾಲ್ಕೈದು ವರ್ಷದ ಸಂಶೋಧನೆಯ ಬಹುಪಾಲು ಶ್ರಮ ಅದಕ್ಕೇ ಹೋಗುತ್ತದೆ, ಹೋಗಬೇಕು. ಈ ಕ್ಷೇತ್ರದಲ್ಲಿ ಸಂಶೋಧನೆ ಮಾಡಿದ್ದೇನೆ, ಆಮೇಲೆ ಕಿರಿಯರ ಕರಡುಗಳನ್ನೂ ಓದಿದ್ದೇನೆ. ಗಣಿತ ಬರದೆ ಸೋತವರು ಕಡಿಮೆ. ಹೋಲಿಕೆ ಸರಿಯಿಲ್ಲದೆ ಮೂರನೇ ವರ್ಷದಲ್ಲಿ ಮತ್ತೆ ಮೊದಲಿಗೆ ಹೋದವರು ಜಾಸ್ತಿ. ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

'ಹವಾಮಾನ ನೀತಿಗಳ ಪರಿಣಾಮಕಾರಿತ್ವ: ಒಂದು ಅಧ್ಯಯನ' ಅನ್ನುವ ಶೀರ್ಷಿಕೆ ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತದೆ. ಅದನ್ನಿಟ್ಟುಕೊಂಡು ಕೆಲಸ ಮಾಡಲು ಆಗುವುದಿಲ್ಲ. ಒಂದು ನೀತಿ, ಒಂದು ವಲಯ, ಒಂದು ಅಳತೆ, ಒಂದು ಅವಧಿ ಹಿಡಿಯಿರಿ. ಹೀಗೆ:

"ಸ್ವೀಡನ್ 1991ರಲ್ಲಿ ತಂದ ಕಾರ್ಬನ್ ತೆರಿಗೆ, 2005ರವರೆಗೆ, ಅಲ್ಲಿನ ಸಾರಿಗೆಯ ತಲಾ ಕಾರ್ಬನ್ ಡೈಆಕ್ಸೈಡನ್ನು, ತೆರಿಗೆಯೇ ಇಲ್ಲದಿದ್ದ ಸ್ಥಿತಿಗೆ ಹೋಲಿಸಿದರೆ ಎಷ್ಟು ಇಳಿಸಿತು?"

ಈ ವಾಕ್ಯದಲ್ಲಿ ಯಾವ ನೀತಿ, ಯಾರ ಮೇಲೆ, ಯಾವುದನ್ನು, ಎಷ್ಟು ಕಾಲ, ಯಾವುದಕ್ಕೆ ಹೋಲಿಸಿ ಅನ್ನುವ ಐದೂ ಇವೆ. ನಿಮ್ಮ ವಾಕ್ಯದಲ್ಲಿ ಒಂದು ಬಿಟ್ಟುಹೋದರೂ ಗೈಡ್ ಹತ್ತಿರ ಹೋಗುವ ಮುಂಚೆ ಅದನ್ನು ತುಂಬಿಸಿ.

'ಫಲ' ಅಂದರೆ ಯಾವ ಮಟ್ಟದ್ದು ಎನ್ನುವುದನ್ನೂ ಈಗಲೇ ತೀರ್ಮಾನಿಸಿ. ಕಾನೂನು ಪಾಸಾಯಿತು ಅನ್ನುವುದು ಒಂದು ಮಟ್ಟ. ಸೌರ ಫಲಕ ಎಷ್ಟು ಕೂರಿಸಿದರು, ವಿದ್ಯುತ್ ಕಾರು ಎಷ್ಟು ಮಾರಾಟವಾದವು ಅನ್ನುವುದು ಅದರ ಮೇಲಿನದು. ಹೊರಸೂಸುವಿಕೆ ಎಷ್ಟು ಇಳಿಯಿತು ಅನ್ನುವುದು ಇನ್ನೂ ಮೇಲಿನದು. ಫಲಕ ಕೂರಿಸಿದ್ದನ್ನು ಎಣಿಸಿ ಹೊರಸೂಸುವಿಕೆ ಇಳಿಯಿತು ಅಂತ ಬರೆದ ಕರಡುಗಳು ಕೈಗೆ ಬರುತ್ತಲೇ ಇರುತ್ತವೆ. ಕೂರಿಸಿದ ಫಲಕ ಕಲ್ಲಿದ್ದಲಿನ ಕರೆಂಟನ್ನು ಬದಿಗೆ ಸರಿಸಿತೋ, ಜಲವಿದ್ಯುತ್ತನ್ನು ಸರಿಸಿತೋ? ಎರಡಕ್ಕೂ ಅಜಗಜಾಂತರ.

ಇಲ್ಲಿ ಜಪಾನಿನ ಯೋಯಿಚಿ ಕಾಯಾ ಅವರ ಸೂತ್ರ ನೆರವಿಗೆ ಬರುತ್ತದೆ. ಜನಸಂಖ್ಯೆ, ತಲಾ ಆದಾಯ, ಆದಾಯದ ಪ್ರತಿ ಘಟಕಕ್ಕೆ ಬೇಕಾದ ಶಕ್ತಿ, ಶಕ್ತಿಯ ಪ್ರತಿ ಘಟಕಕ್ಕೆ ಹೊರಬೀಳುವ ಕಾರ್ಬನ್, ಈ ನಾಲ್ಕರ ಗುಣಲಬ್ಧವೇ ಒಟ್ಟು ಹೊರಸೂಸುವಿಕೆ. ನಿಮ್ಮ ನೀತಿ ಈ ನಾಲ್ಕರಲ್ಲಿ ಯಾವುದನ್ನು ಅಲ್ಲಾಡಿಸಬೇಕು ಅಂತ ಗುರುತು ಹಾಕಿಕೊಳ್ಳಿ. ಆದರೆ ಸೂತ್ರ ಬಿಡಿಸಿದ್ದೇ ಕಾರಣ ತೋರಿಸಿದಂತಾಯಿತು ಅಂದುಕೊಳ್ಳಬೇಡಿ. ಯಾವ ಭಾಗ ಬದಲಾಯಿತು ಅಂತ ಅದು ಹೇಳುತ್ತದೆ. ಯಾಕೆ ಬದಲಾಯಿತು ಅಂತ ಹೇಳುವುದಿಲ್ಲ.

ಹೆಜ್ಜೆ 2: ನೀತಿಯ ಜಾತಕ ಬರೆಯಿರಿ

ಸಾಫ್ಟ್‌ವೇರ್ ತೆರೆಯುವ ಮುಂಚೆ ಕಾನೂನನ್ನೇ ಓದಿ. ಅದರ ಬಗ್ಗೆ ಬಂದ ಪ್ರಬಂಧಗಳು ಆಮೇಲೆ. ಒಂದು ಹಾಳೆಯಲ್ಲಿ ನಾಲ್ಕು ದಿನಾಂಕ ಬರೆಯಿರಿ: ಘೋಷಣೆ ಯಾವಾಗ, ಪಾಸಾಗಿದ್ದು ಯಾವಾಗ, ಜಾರಿ ಯಾವಾಗ, ದಂಡ ಅಥವಾ ವಸೂಲಿ ನಿಜವಾಗಿ ಶುರುವಾಗಿದ್ದು ಯಾವಾಗ. ಕೆನಡಾದ ಬ್ರಿಟಿಷ್ ಕೊಲಂಬಿಯಾ ತನ್ನ ಕಾರ್ಬನ್ ತೆರಿಗೆಯನ್ನು 2008ರ ಫೆಬ್ರವರಿ ಬಜೆಟ್‌ನಲ್ಲಿ ಘೋಷಿಸಿತು. ಜಾರಿಗೆ ಬಂದದ್ದು ಜುಲೈನಲ್ಲಿ. ಟನ್ನಿಗೆ 10 ಕೆನಡಿಯನ್ ಡಾಲರ್‌ನಿಂದ ಶುರುವಾಗಿ ವರ್ಷಕ್ಕೆ 5ರಂತೆ ಏರಿ 2012ರಲ್ಲಿ 30 ಆಯಿತು. ಈ ನಡುವಿನ ತಿಂಗಳುಗಳನ್ನು ಹಗುರವಾಗಿ ನೋಡಬೇಡಿ. ಬೆಲೆ ಏರುತ್ತದೆ ಅಂತ ಗೊತ್ತಾದವರು ಮೊದಲೇ ತುಂಬಿಸಿಕೊಳ್ಳಬಹುದು, ಇಲ್ಲವೇ ಮೊದಲೇ ಚಿಕ್ಕ ಕಾರು ಕೊಳ್ಳಬಹುದು. ಜಾರಿಯ ದಿನವನ್ನೇ ಗೆರೆ ಅಂದುಕೊಂಡರೆ ನಿಮ್ಮ 'ಮುಂಚಿನ' ಅಂಕಿಗಳಲ್ಲೇ ನೀತಿಯ ನೆರಳು ಬಿದ್ದಿರುತ್ತದೆ.

ಯಾರಿಗೆ ವಿನಾಯಿತಿ ಅಂತಲೂ ಬರೆಯಿರಿ. ಯುರೋಪಿನ ವ್ಯಾಪಾರ ವ್ಯವಸ್ಥೆಯಲ್ಲಿ ಇಂಧನ ಉರಿಸುವ ಘಟಕಗಳಿಗೆ 20 ಮೆಗಾವಾಟ್ ಉಷ್ಣ ಸಾಮರ್ಥ್ಯದ ಗಡಿ ಇದೆ. ಅದಕ್ಕಿಂತ ಚಿಕ್ಕವು ಹೊರಗೆ. ಇಂಥ ಗಡಿಗಳು ಮುಂದೆ ಹೋಲಿಕೆಗೆ ಬಹಳ ಉಪಯೋಗಕ್ಕೆ ಬರುತ್ತವೆ.

ಜಾತಕದ ಕೊನೆಯ ಭಾಗವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದೇ ಹೊತ್ತಿಗೆ ಬಂದ ಬೇರೆ ನೀತಿಗಳ ಪಟ್ಟಿ ಅದು. ಬ್ರಿಟನ್ 2013ರಲ್ಲಿ ವಿದ್ಯುತ್ ಉತ್ಪಾದಕರ ಮೇಲೆ ಹೆಚ್ಚುವರಿ ಕಾರ್ಬನ್ ಬೆಲೆ ಹಾಕಿತು. ಕೆಲವು ವರ್ಷಗಳಲ್ಲಿ ಅದು ಟನ್ನಿಗೆ 18 ಪೌಂಡ್ ಮುಟ್ಟಿತು. 2012ರಲ್ಲಿ ಅಲ್ಲಿನ ವಿದ್ಯುತ್ತಿನಲ್ಲಿ ಶೇ 40ರ ಆಸುಪಾಸು ಇದ್ದ ಕಲ್ಲಿದ್ದಲಿನ ಪಾಲು ಐದಾರು ವರ್ಷಗಳಲ್ಲಿ ಒಂದಂಕಿಗೆ ಇಳಿಯಿತು. ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಕಾರ್ಬನ್ ಬೆಲೆಯ ದೊಡ್ಡ ಗೆಲುವು ಅಂತ ಬರೆಯಲು ಕೈ ತುಡಿಯುತ್ತದೆ, ಅಲ್ವಾ? ಆದರೆ ಯುರೋಪಿನ ವಾಯುಮಾಲಿನ್ಯ ನಿಯಮವೊಂದರಂತೆ ಹಲವು ಹಳೆಯ ಕಲ್ಲಿದ್ದಲು ಸ್ಥಾವರಗಳು 2015ರ ಕೊನೆಯೊಳಗೆ ಹೇಗಿದ್ದರೂ ಮುಚ್ಚಲೇಬೇಕಿತ್ತು. ಗಾಳಿ ವಿದ್ಯುತ್ತಿಗೆ ಬೇರೆ ಸಹಾಯಧನ ಇತ್ತು. ಅನಿಲದ ಬೆಲೆ ಬೇರೆ ಇಳಿಯಿತು. ಕಾರ್ಬನ್ ಬೆಲೆಗೆ ಪಾಲು ಖಂಡಿತ ಇದೆ. ಆ ಪಾಲು ಎಷ್ಟು ಅಂತ ಬೇರ್ಪಡಿಸುವುದೇ ಸಂಶೋಧಕರ ಕೆಲಸ.

ಜಾತಕದ ಕೆಳಗೆ ಒಂದು ಬಾಣದ ಚಿತ್ರ ಬಿಡಿಸಿ. ಬೆಲೆ ಏರಿತು, ಆಮೇಲೆ ಯಾರು ಏನು ಬದಲಿಸಿದರು, ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ. ಕಲ್ಲಿದ್ದಲಿನಿಂದ ಅನಿಲಕ್ಕೆ ಹೊರಳುವುದು ತಿಂಗಳುಗಳ ಮಾತು. ಮನೆಗಳ ಗೋಡೆ, ಕಿಟಕಿ ಬದಲಾಗುವುದು ದಶಕಗಳ ಮಾತು. ಎರಡನೆಯದನ್ನು ಮೂರು ವರ್ಷದ ಡೇಟಾದಲ್ಲಿ ಹುಡುಕಿ 'ಪರಿಣಾಮ ಇಲ್ಲ' ಅಂದುಬಿಟ್ಟರೆ ನೀತಿಗೆ ಅನ್ಯಾಯ.

ಹೆಜ್ಜೆ 3: ಅಂಕಿ ಹುಟ್ಟಿದ ಜಾಗಕ್ಕೆ ಹೋಗಿ

ಹೊಸಬರಿಗೆ ಅಚ್ಚರಿ ಹುಟ್ಟಿಸುವ ವಿಷಯ ಇದು: ದೇಶಗಳ ಹೊರಸೂಸುವಿಕೆಯನ್ನು ಯಾರೂ ಮೀಟರ್ ಹಿಡಿದು ಅಳೆಯುವುದಿಲ್ಲ. ಲೆಕ್ಕ ಹಾಕುತ್ತಾರೆ. ಎಷ್ಟು ಇಂಧನ ಖರ್ಚಾಯಿತು ಅನ್ನುವುದನ್ನು ಒಂದು ಗುಣಕದಿಂದ ಗುಣಿಸುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್, ಡೀಸೆಲ್ ಆದರೆ ಸುಮಾರು 2.7 ಕಿಲೋ. ಈ ಲೆಕ್ಕದ ಕ್ರಮವನ್ನು ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ) 2006ರ ಮಾರ್ಗಸೂಚಿಯಲ್ಲಿ ಕೊಟ್ಟಿದೆ, 2019ರಲ್ಲಿ ಅದನ್ನು ಪರಿಷ್ಕರಿಸಿದೆ. ಅದರಲ್ಲಿ ನಿಮ್ಮ ವಲಯದ ಅಧ್ಯಾಯವನ್ನಾದರೂ ಪೂರ್ತಿ ಓದಿ.

ಯಾಕೆ ಅಂದರೆ, ಲೆಕ್ಕ ಹಾಕುವ ರೀತಿಯಲ್ಲೇ ಉತ್ತರ ತಪ್ಪಿಸುವ ಗುಂಡಿಗಳಿವೆ. ಸಾರಿಗೆಯ ಹೊರಸೂಸುವಿಕೆಯನ್ನು ಇಂಧನ ಎಲ್ಲಿ ಮಾರಾಟವಾಯಿತೋ ಅಲ್ಲಿಗೆ ಬರೆಯುತ್ತಾರೆ, ಎಲ್ಲಿ ಉರಿಯಿತೋ ಅಲ್ಲಿಗಲ್ಲ. ಲಕ್ಸೆಂಬರ್ಗ್‌ನಲ್ಲಿ ಇಂಧನ ಅಗ್ಗವಾಗಿದ್ದರಿಂದ ಪಕ್ಕದ ದೇಶಗಳ ಲಾರಿ, ಕಾರುಗಳು ಅಲ್ಲಿ ಬಂದು ತುಂಬಿಸಿಕೊಂಡು ಹೋಗುತ್ತಿದ್ದವು. ಅಲ್ಲಿ ಮಾರಾಟವಾಗುವ ಇಂಧನದ ದೊಡ್ಡ ಪಾಲು ಹೊರಗಿನವರದು. ಇಂಥ ದೇಶ ತೆರಿಗೆ ಏರಿಸಿದರೆ ಅದರ ಲೆಕ್ಕದಲ್ಲಿ ದೊಡ್ಡ ಇಳಿಕೆ ಕಾಣುತ್ತದೆ. ಆ ಲಾರಿಗಳು ಗಡಿಯಾಚೆ ತುಂಬಿಸಿಕೊಂಡು ಅಷ್ಟೇ ದೂರ ಓಡುತ್ತಿರುತ್ತವೆ.

ಹಳೆಯ ವರ್ಷಗಳ ಅಂಕಿಗಳೂ ಬದಲಾಗುತ್ತಿರುತ್ತವೆ. 2015ರಲ್ಲಿ ಚೀನಾ ಹಿಂದಿನ ಹಲವು ವರ್ಷಗಳ ಕಲ್ಲಿದ್ದಲು ಬಳಕೆಯನ್ನು ಮೇಲಕ್ಕೆ ತಿದ್ದಿತು. ಅದಕ್ಕೆ ಮುಂಚೆ ಡೌನ್‌ಲೋಡ್ ಮಾಡಿದವರದ್ದೂ ಆಮೇಲೆ ಮಾಡಿದವರದ್ದೂ ಒಂದೇ ಹೆಸರಿನ ಡೇಟಾ, ಬೇರೆ ಬೇರೆ ಉತ್ತರ. ಆದ್ದರಿಂದ ಡೌನ್‌ಲೋಡ್ ಮಾಡಿದ ದಿನಾಂಕವನ್ನು ಫೈಲ್ ಹೆಸರಿನಲ್ಲೇ ಹಾಕಿ. ಮೂಲ ಫೈಲನ್ನು ಎಂದೂ ಮುಟ್ಟಬೇಡಿ. ತಿದ್ದುವುದೆಲ್ಲ ಕೋಡ್‌ನಲ್ಲೇ ಆಗಲಿ.

ಒಂದು ಅನುಭವ ಹೇಳಬೇಕು. ನನ್ನ ಎರಡನೇ ವರ್ಷದಲ್ಲಿ ಕಾರ್ಖಾನೆಗಳ ಹೊರಸೂಸುವಿಕೆಯ ಪಟ್ಟಿಯೊಂದರ ಮೇಲೆ ಕೆಲಸ ಮಾಡುತ್ತಿದ್ದೆ. ನೀತಿ ಬಂದ ಮೇಲೆ ದೊಡ್ಡ ಇಳಿಕೆ ಕಾಣುತ್ತಿತ್ತು. ಖುಷಿಯಾಗಿ ಕರಡು ಬರೆದೆ. ಒಂದು ಸಂಜೆ ಸುಮ್ನೆ ಒಂದೊಂದೇ ಕಾರ್ಖಾನೆಯ ಗೆರೆಯನ್ನು ಬಿಡಿಯಾಗಿ ಪರದೆಯ ಮೇಲೆ ಬಿಡಿಸಿ ನೋಡುತ್ತಾ ಹೋದೆ. ಒಂದು ಗೆರೆ ವರ್ಷಗಟ್ಟಲೆ ಸಮನಾಗಿ ಬಂದು, ಒಂದೇ ವರ್ಷದಲ್ಲಿ ಸೊನ್ನೆಗೆ ಬಿದ್ದಿತ್ತು. ಇನ್ನೂ ಕೆಲವು ಹಾಗೇ ಇದ್ದವು. ಹುಡುಕಿದಾಗ ಗೊತ್ತಾಯಿತು, ಆ ಕಾರ್ಖಾನೆಗಳು ಮುಚ್ಚಿರಲಿಲ್ಲ. ಮಾಲೀಕರು ಬದಲಾಗಿದ್ದರು, ಜೊತೆಗೆ ನೋಂದಣಿ ಸಂಖ್ಯೆಯೂ ಬದಲಾಗಿತ್ತು. ಹಳೆಯ ಸಂಖ್ಯೆಯಲ್ಲಿ ಸೊನ್ನೆ, ಹೊಸ ಸಂಖ್ಯೆ 'ಹೊಸ ಕಾರ್ಖಾನೆ'. ಹಿಂದಿನ ವರ್ಷಗಳ ಅಂಕಿ ಇಲ್ಲ ಅಂತ ಆ ಹೊಸದನ್ನು ನನ್ನ ಕೋಡ್ ಕೈಬಿಟ್ಟಿತ್ತು. ಹಳೆಯದು, ಹೊಸದು ಎರಡನ್ನೂ ಜೋಡಿಸಿದ ಮೇಲೆ ಇಳಿಕೆ ಅರ್ಧಕ್ಕಿಂತ ಕಡಿಮೆಯಾಯಿತು. ಅಂದಿನಿಂದ ಬಿಡಿ ಗೆರೆಗಳನ್ನು ಕಣ್ಣಾರೆ ನೋಡದೆ ಸರಾಸರಿಗೆ ಕೈ ಹಾಕುವುದಿಲ್ಲ. ನೀವೂ ಹಾಕಬೇಡಿ.

ಹೆಜ್ಜೆ 4: ನಡೆಯದೇ ಹೋದದ್ದನ್ನು ಕಟ್ಟಿ

ಈಗ ಮುಖ್ಯ ಕೆಲಸ. ಇದಕ್ಕೆ ಅತಿ ಹೆಚ್ಚು ಸಮಯ ಕೊಡಿ.

ಎಲ್ಲಕ್ಕಿಂತ ಸರಳ ದಾರಿ 'ವ್ಯತ್ಯಾಸಗಳ ವ್ಯತ್ಯಾಸ', ಅಂದರೆ ಡಿಫರೆನ್ಸ್ ಇನ್ ಡಿಫರೆನ್ಸಸ್. ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಎ ಪ್ರಾಂತ್ಯದಲ್ಲಿ ತೆರಿಗೆ ಬಂತು, ಬಿ ಪ್ರಾಂತ್ಯದಲ್ಲಿ ಬರಲಿಲ್ಲ. ಎ ಪ್ರಾಂತ್ಯದ ಹೊರಸೂಸುವಿಕೆ 100 ಲಕ್ಷ ಟನ್‌ನಿಂದ 88ಕ್ಕೆ ಇಳಿಯಿತು. ಬಿ ಪ್ರಾಂತ್ಯದ್ದು 80ರಿಂದ 74ಕ್ಕೆ. ಎ ಪ್ರಾಂತ್ಯದ ಇಳಿಕೆ 12. ಆದರೆ ತೆರಿಗೆ ಇಲ್ಲದ ಬಿ ಪ್ರಾಂತ್ಯದಲ್ಲೂ 6 ಇಳಿದಿದೆ. ಹಾಗಾಗಿ ತೆರಿಗೆಯ ಪಾಲು 6 ಲಕ್ಷ ಟನ್.

ಇಷ್ಟಕ್ಕೇ ನಿಲ್ಲಿಸಬೇಡಿ, ಇನ್ನೊಮ್ಮೆ ನೋಡಿ. ಬಿ ಪ್ರಾಂತ್ಯ 80ರಲ್ಲಿ 6 ಇಳಿಸಿದೆ, ಅಂದರೆ ಶೇ 7.5. ಎ ಪ್ರಾಂತ್ಯವೂ ಅದೇ ಶೇಕಡಾವಾರಿನಲ್ಲಿ ಇಳಿಯುತ್ತಿತ್ತು ಅಂದುಕೊಂಡರೆ ಅದು ತೆರಿಗೆ ಇಲ್ಲದೆ 92.5 ಮುಟ್ಟುತ್ತಿತ್ತು. ಆಗ ತೆರಿಗೆಯ ಪಾಲು 4.5 ಲಕ್ಷ ಟನ್ ಮಾತ್ರ. ಅವೇ ನಾಲ್ಕು ಅಂಕಿಗಳಿಂದ 6 ಮತ್ತು 4.5 ಅನ್ನುವ ಎರಡು ಉತ್ತರ ಬಂದವು. ಟನ್‌ಗಳಲ್ಲಿ ಹೋಲಿಸುತ್ತೀರೋ, ಲಾಗ್ ತೆಗೆದುಕೊಂಡು ಶೇಕಡಾವಾರಿನಲ್ಲಿ ಹೋಲಿಸುತ್ತೀರೋ ಎನ್ನುವುದು ತೋರಿಕೆಯ ವಿಷಯವಲ್ಲ. 'ನೀತಿ ಇಲ್ಲದಿದ್ದರೆ ಎರಡೂ ಹೇಗೆ ಸಾಗುತ್ತಿದ್ದವು' ಅನ್ನುವ ಬಗ್ಗೆ ನಿಮ್ಮ ನಂಬಿಕೆ ಅದರಲ್ಲಿ ಅಡಗಿದೆ. ಆ ನಂಬಿಕೆಯನ್ನು ಥೀಸಿಸ್‌ನಲ್ಲಿ ಬಾಯಿಬಿಟ್ಟು ಹೇಳಿ.

ಈ ವಿಧಾನ ನಿಂತಿರುವುದು ಎರಡೂ ಗೆರೆಗಳು ನೀತಿಗೆ ಮುಂಚೆ ಜೊತೆಜೊತೆಯಾಗಿ ಸಾಗುತ್ತಿದ್ದವು, ನೀತಿ ಬರದಿದ್ದರೆ ಮುಂದೆಯೂ ಹಾಗೇ ಸಾಗುತ್ತಿದ್ದವು ಎನ್ನುವುದರ ಮೇಲೆ. ಮುಂಚಿನ ಭಾಗವನ್ನು ಗ್ರಾಫ್‌ನಲ್ಲಿ ತೋರಿಸಬಹುದು. ಮುಂದಿನದನ್ನು ವಾದದಿಂದಲೇ ಒಪ್ಪಿಸಬೇಕು. ನೀತಿಗೆ ಮುಂಚೆ ಕನಿಷ್ಠ ಏಳೆಂಟು ವರ್ಷದ ಅಂಕಿ ಇಲ್ಲದಿದ್ದರೆ ನಾನಂತೂ ಈ ದಾರಿ ಹಿಡಿಯಬೇಡಿ ಅನ್ನುತ್ತೇನೆ.

ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ಬೇರೆ ವರ್ಷ ನೀತಿ ಬಂದಿದ್ದರೆ ಇನ್ನೊಂದು ಎಚ್ಚರಿಕೆ. ಈ ವಿಧಾನಕ್ಕೆ ಮೊದಲಿಂದ ಬಳಸುತ್ತಿದ್ದ ಹಳೆಯ ಸಮೀಕರಣವನ್ನೇ ಹಾಕಿದರೆ, ಮೊದಲೇ ನೀತಿ ತಂದ ಪ್ರದೇಶಗಳು ಆಮೇಲೆ ತಂದವಕ್ಕೆ ಹೋಲಿಕೆಯಾಗಿ ಕೂರುತ್ತವೆ. ಉತ್ತರದ ಚಿಹ್ನೆಯೇ ತಿರುಗಿಬೀಳಬಹುದು. 2021ರಲ್ಲಿ ಗುಡ್‌ಮನ್-ಬೇಕನ್ ಇದನ್ನು ಬಿಡಿಸಿ ತೋರಿಸಿದರು. ಕ್ಯಾಲವೇ ಮತ್ತು ಸಂತ'ಅನ್ನಾ ಸರಿಯಾದ ಲೆಕ್ಕದ ದಾರಿ ಕೊಟ್ಟರು. ಆರ್ ಮತ್ತು ಸ್ಟೇಟಾ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ಗಳೆರಡರಲ್ಲೂ ಇದಕ್ಕೆ ಸಿದ್ಧ ಪ್ಯಾಕೇಜ್‌ಗಳಿವೆ.

ನೀತಿ ತಂದದ್ದು ಒಂದೇ ದೇಶವಾದರೆ? ಅದಕ್ಕೆ ಸರಿಸಾಟಿಯಾದ ಇನ್ನೊಂದು ದೇಶ ಎಲ್ಲೂ ಇರುವುದಿಲ್ಲ. ಆಗ ಸಿಂಥೆಟಿಕ್ ಕಂಟ್ರೋಲ್. ಆಲ್ಬರ್ಟೋ ಅಬಾಡಿ ಮತ್ತು ಜೊತೆಗಾರರು ಬೆಳೆಸಿದ ವಿಧಾನ ಇದು. ಹಲವು ದೇಶಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ನೀತಿಗೆ ಮುಂಚಿನ ವರ್ಷಗಳಲ್ಲಿ ನಿಮ್ಮ ದೇಶದ ಗೆರೆಯ ಮೇಲೇ ಕೂರುವ ಒಂದು 'ಜೋಡಿ'ಯನ್ನು ಕಟ್ಟುತ್ತೀರಿ. ನೀತಿಯ ನಂತರ ಎರಡೂ ಗೆರೆ ಎಷ್ಟು ದೂರವಾದವೋ ಅಷ್ಟೇ ನೀತಿಯ ಫಲ. ಜೂಲಿಯಸ್ ಆಂಡರ್ಸನ್ ಸ್ವೀಡನ್‌ಗೆ ಹೀಗೆಯೇ 14 ದೇಶಗಳ ಗುಂಪಿನಿಂದ ಜೋಡಿ ಕಟ್ಟಿ, 2019ರ ಪ್ರಬಂಧದಲ್ಲಿ ಸಾರಿಗೆಯ ಹೊರಸೂಸುವಿಕೆ ಸರಾಸರಿ ವರ್ಷವೊಂದರಲ್ಲಿ ಸುಮಾರು ಶೇ 11 ಕಡಿಮೆಯಾಗಿದ್ದನ್ನು ಕಂಡರು. ಆದರೆ ಅಲ್ಲಿಗೇ ಬಿಡಲಿಲ್ಲ. ಸ್ವೀಡನ್ 1990ರಲ್ಲಿ ಇಂಧನಕ್ಕೆ ಮೌಲ್ಯವರ್ಧಿತ ತೆರಿಗೆಯನ್ನೂ ಹಾಕಿತ್ತು. ಎರಡನ್ನೂ ಬಿಡಿಸಿದಾಗ ಕಾರ್ಬನ್ ತೆರಿಗೆಯ ಪಾಲು ಶೇ 6ರ ಆಸುಪಾಸು ಉಳಿಯಿತು. ಜಾತಕ ಬರೆಯಿರಿ ಅಂದದ್ದು ಇದಕ್ಕೇ.

20 ಮೆಗಾವಾಟ್‌ನಂಥ ಗಡಿ ಇದ್ದರೆ, ಗಡಿಯ ಸ್ವಲ್ಪ ಮೇಲಿನವರನ್ನೂ ಸ್ವಲ್ಪ ಕೆಳಗಿನವರನ್ನೂ ಹೋಲಿಸಬಹುದು. ಮೊದಲು ಗಡಿಯ ಕೆಳಗೆ ಕಾರ್ಖಾನೆಗಳ ಸಂದಣಿ ಇದೆಯೇ ನೋಡಿ. ನಿಯಮ ತಪ್ಪಿಸಿಕೊಳ್ಳಲು ಕಾರ್ಖಾನೆಗಳು 19.9ಕ್ಕೆ ಇಳಿದು ಕೂತಿದ್ದರೆ ಆ ಹೋಲಿಕೆ ಕೆಟ್ಟಿತು.

ಚೀಟಿ ಎತ್ತಿ ಹಂಚಿದ ಪ್ರಯೋಗ ಸಾಧ್ಯವಾದರೆ ಅದಕ್ಕಿಂತ ಗಟ್ಟಿಯಾದದ್ದು ಇಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ಸುಮಾರು 30,000 ಕುಟುಂಬಗಳ ಮೇಲೆ ಫೌಲಿ, ಗ್ರೀನ್‌ಸ್ಟೋನ್, ವೋಲ್‌ಫ್ರಮ್ ಇಂಥ ಅಧ್ಯಯನ ನಡೆಸಿದರು. ಬಡವರ ಮನೆಗಳಿಗೆ ಪುಕ್ಕಟೆಯಾಗಿ ಉಷ್ಣ ನಿರೋಧಕ ಹಾಕಿಸುವ ಯೋಜನೆ ಅದು. ಯಾರಿಗೂ ಸೌಲಭ್ಯ ನಿರಾಕರಿಸಲು ಆಗದು. ಹಾಗಾಗಿ ಕೆಲವು ಮನೆಗಳನ್ನು ಚೀಟಿ ಎತ್ತಿ ಆರಿಸಿ, ಅವರಿಗೆ ಮಾತ್ರ ಅರ್ಜಿ ಹಾಕಲು ಹೆಚ್ಚಿನ ಪ್ರೋತ್ಸಾಹ ಕೊಟ್ಟರು. ಎಂಜಿನಿಯರಿಂಗ್ ಮಾದರಿ ಹೇಳಿದ ಉಳಿತಾಯ, ನಿಜವಾದ ಉಳಿತಾಯದ ಮೂರು ಪಟ್ಟಿಗಿಂತ ಹೆಚ್ಚಿತ್ತು. ಕಾಗದದ ಮೇಲಿನ ಲೆಕ್ಕವನ್ನೇ ಫಲ ಅಂತ ಬರೆಯುವ ಪ್ರತಿ ವರದಿಯನ್ನು ಓದುವಾಗಲೂ ನನಗೆ ಈ ಅಂಕಿ ನೆನಪಾಗುತ್ತದೆ.

ಹೆಜ್ಜೆ 5: ನಿಮ್ಮ ಉತ್ತರವನ್ನು ನೀವೇ ಮುರಿಯಲು ನೋಡಿ

ಉತ್ತರ ಸಿಕ್ಕ ದಿನ ಗೈಡ್‌ಗೆ ಮೇಲ್ ಕಳಿಸಬೇಡಿ. ಒಂದು ವಾರ ಅದರ ಮೇಲೆ ಯುದ್ಧ ಮಾಡಿ.

ಸ್ವೀಡನ್‌ನಲ್ಲಿ ನೀತಿ ಬಂದದ್ದು 1991 ಅನ್ನುವ ಬದಲು 1985ರಲ್ಲಿ ಬಂತು ಅಂತ ಸುಳ್ಳು ದಿನಾಂಕ ಕೊಟ್ಟು ಓಡಿಸಿ. ಆಗಲೂ 'ಪರಿಣಾಮ' ಕಂಡರೆ ನೀವು ಅಳೆಯುತ್ತಿರುವುದು ನೀತಿಯನ್ನಲ್ಲ. ನೀತಿ ತಾರದ ಒಂದೊಂದು ದೇಶಕ್ಕೂ ನೀತಿ ಬಂದಿದೆ ಅಂತ ನಟಿಸಿ ಅದೇ ಲೆಕ್ಕ ಮಾಡಿ. ನಿಮ್ಮದೂ ಸೇರಿ 15 ದೇಶಗಳಲ್ಲಿ ನಿಮ್ಮ ದೇಶದ ಅಂತರವೇ ಎಲ್ಲಕ್ಕಿಂತ ದೊಡ್ಡದಾದರೂ ಅದು ಆಕಸ್ಮಿಕವಾಗಿ ಆಗುವ ಸಾಧ್ಯತೆ 15ರಲ್ಲಿ 1, ಅಂದರೆ ಸುಮಾರು 0.07. ಅದಕ್ಕಿಂತ ಚೂಪಾದ ಉತ್ತರವನ್ನು ಆ ಡೇಟಾ ಕೊಡಲಾರದು. ಹೋಲಿಕೆಯ ಗುಂಪಿನಿಂದ ಒಂದೊಂದೇ ದೇಶವನ್ನು ತೆಗೆದು ನೋಡಿ. ಒಂದೇ ದೇಶ ತೆಗೆದರೆ ಉತ್ತರ ಕುಸಿದುಬಿದ್ದರೆ, ಆ ದೇಶದಲ್ಲಿ ಆ ವರ್ಷಗಳಲ್ಲಿ ಏನು ನಡೆಯಿತು ಅಂತ ಹೋಗಿ ಓದಿ.

ಹವೆಯನ್ನೂ ಮರೆಯಬೇಡಿ. ಚಳಿ ಕಡಿಮೆಯಿದ್ದ ವರ್ಷ ಮನೆ ಕಾಯಿಸುವ ಅನಿಲವೂ ಕಡಿಮೆ ಖರ್ಚಾಗುತ್ತದೆ. ಇಂಧನದ ಬೆಲೆ ಇನ್ನೂ ದೊಡ್ಡ ಗೊಂದಲ. ಅಮೆರಿಕದ ಈಶಾನ್ಯ ರಾಜ್ಯಗಳು 2009ರಲ್ಲಿ ವಿದ್ಯುತ್ ಸ್ಥಾವರಗಳ ಹೊರಸೂಸುವಿಕೆಗೆ ಮಿತಿ ಹಾಕಿ ವ್ಯಾಪಾರ ಶುರುಮಾಡಿದವು. ಅದೇ ವರ್ಷಗಳಲ್ಲಿ ಶೇಲ್ ಅನಿಲ (ಶೇಲ್ ಬಂಡೆಯಿಂದ ತೆಗೆದ ನೈಸರ್ಗಿಕ ಅನಿಲ) ಹೇರಳವಾಗಿ ಬಂದು ಕಲ್ಲಿದ್ದಲನ್ನು ತಾನೇ ಹಿಂದಕ್ಕೆ ತಳ್ಳಿತು. ಜೊತೆಗೆ ಆರ್ಥಿಕ ಹಿಂಜರಿತ. ಮೂರನ್ನೂ ಬಿಡಿಸದೆ ಬರೆದ ವಾಕ್ಯ ವೈವಾದಲ್ಲಿ ಐದು ನಿಮಿಷ ನಿಲ್ಲುವುದಿಲ್ಲ.

ಇನ್ನೊಂದು, ಸ್ಟ್ಯಾಂಡರ್ಡ್ ಎರರ್, ಅಂದರೆ ನಿಮ್ಮ ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಳತೆ. ಹತ್ತು ಸಾವಿರ ಕಾರ್ಖಾನೆಗಳ ಡೇಟಾ ಇದ್ದರೂ ನೀತಿ ಬದಲಾದದ್ದು ಹತ್ತು ಪ್ರಾಂತ್ಯಗಳ ಮಟ್ಟದಲ್ಲಾದರೆ ನಿಮ್ಮ ಹತ್ತಿರ ಇರುವ ನಿಜವಾದ ಸಾಕ್ಷ್ಯ ಹತ್ತರದ್ದು. ಪ್ರಾಂತ್ಯದ ಮಟ್ಟದಲ್ಲೇ ಕ್ಲಸ್ಟರ್ ಮಾಡಿ, ಅಂದರೆ ಒಂದು ಪ್ರಾಂತ್ಯದ ಕಾರ್ಖಾನೆಗಳನ್ನೆಲ್ಲ ಒಂದೇ ಗುಂಪಾಗಿ ಹಿಡಿದು ಎರರ್ ಲೆಕ್ಕ ಹಾಕಿ. ಹಾಗೆ ಮಾಡಿದಾಗ ಟೇಬಲ್‌ನಲ್ಲಿ 'ಇದು ಆಕಸ್ಮಿಕವಲ್ಲ' ಅಂತ ಸೂಚಿಸುವ ನಕ್ಷತ್ರ ಚಿಹ್ನೆಗಳು ಮಾಯವಾದರೆ, ಅವು ಮೊದಲೂ ನಿಜವಾಗಿ ಇರಲಿಲ್ಲ.

ಇಂಥ ಪರೀಕ್ಷೆಗಳಲ್ಲಿ ಯಾವುದನ್ನು ಮಾಡುತ್ತೀರಿ ಅಂತ ಡೇಟಾ ತೆರೆಯುವ ಮುಂಚೆಯೇ ಬರೆದು ಸಾರ್ವಜನಿಕವಾಗಿ ನೋಂದಾಯಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಬೇಲಿಯಾಚೆ ಏನಾಯಿತು

ನಿಮ್ಮ ದೇಶದಲ್ಲಿ ಇಳಿದದ್ದು ಇನ್ನೆಲ್ಲೋ ಏರಿರಬಹುದು. ಉಕ್ಕಿನ ಕಾರ್ಖಾನೆ ಮುಚ್ಚಿ ಉಕ್ಕನ್ನೇ ಆಮದು ಮಾಡಿಕೊಂಡರೆ ದೇಶದ ಲೆಕ್ಕದಲ್ಲಿ ಗೆಲುವು, ಭೂಮಿಯ ಲೆಕ್ಕದಲ್ಲಿ ಏನೂ ಇಲ್ಲ. ಇದನ್ನು ಸೋರಿಕೆ ಅನ್ನುತ್ತಾರೆ. ದೇಶದೊಳಗಿನ ಹೊರಸೂಸುವಿಕೆಯ ಜೊತೆಗೆ, ಬಳಸಿದ ವಸ್ತುಗಳ ಹಿಂದಿರುವ ಹೊರಸೂಸುವಿಕೆಯನ್ನೂ ನೋಡಿ. ಒಟ್ಟು ಮಿತಿಯಿರುವ ವ್ಯಾಪಾರ ವ್ಯವಸ್ಥೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಒಂದು ದೇಶ ತನ್ನದೇ ಸಹಾಯಧನದಿಂದ ಇಳಿಸಿದರೆ ಬಳಕೆಯಾಗದೆ ಉಳಿದ ಪರವಾನಗಿಯನ್ನು ಇನ್ನೊಬ್ಬರು ಕೊಂಡು ಉಪಯೋಗಿಸಬಹುದು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವ ನೀರಿನ ಚೀಲದ ಹಾಗೆ.

ಜನರ ನಡವಳಿಕೆಯೂ ಬದಲಾಗುತ್ತದೆ. ಮೆಕ್ಸಿಕೋ ಹಳೆಯ ಫ್ರಿಜ್, ಏಸಿಗಳನ್ನು ಬದಲಿಸಿಕೊಳ್ಳಲು ಹಣ ಕೊಟ್ಟಿತು. ಡೇವಿಸ್, ಫುಕ್ಸ್, ಗರ್ಟ್ಲರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಫ್ರಿಜ್ ಬದಲಿಸಿದ ಮನೆಗಳ ವಿದ್ಯುತ್ ಬಳಕೆ ಶೇ 8 ಇಳಿಯಿತು, ಅಂದಾಜಿಸಿದ್ದರ ಕಾಲು ಭಾಗ ಮಾತ್ರ. ಏಸಿ ಬದಲಿಸಿದ ಮನೆಗಳಲ್ಲಿ ಬಳಕೆ ಏರಿತು. ಹೊಸ ಏಸಿ ಅಗ್ಗವಾಗಿ ಓಡುತ್ತದೆ, ಹಾಗಾಗಿ ಜಾಸ್ತಿ ಹೊತ್ತು ಓಡುತ್ತದೆ. ಹಾಗಂತ ಆ ಮನೆಯವರು ತಪ್ಪು ಮಾಡಿದರು ಅಂತ ಬರೆಯಬೇಡಿ. ಸೆಕೆಯಿಂದ ಸಿಕ್ಕ ನೆಮ್ಮದಿಯೂ ಒಂದು ಲಾಭವೇ. ಅದು ಹವಾಮಾನದ ಲಾಭವಲ್ಲ, ಅಷ್ಟೇ.

ಎಲ್ಲಕ್ಕಿಂತ ನೋವಿನ ಉದಾಹರಣೆ ಕ್ಯೋಟೋ ಹವಾಮಾನ ಒಪ್ಪಂದದ ಕಾಲದ ಕಾರ್ಬನ್ ಕ್ರೆಡಿಟ್‌ಗಳದ್ದು, ಅಂದರೆ ಹೊರಸೂಸುವಿಕೆ ತಪ್ಪಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರಗಳದ್ದು. ಫ್ರಿಜ್, ಏಸಿಗಳ ತಂಪುಕಾರಕ ತಯಾರಿಸುವಾಗ ಜೊತೆಗೇ ಹುಟ್ಟುವ ಎಚ್‌ಎಫ್‌ಸಿ-23 ಅನಿಲವನ್ನು ಒಂದು ಟನ್ ಸುಟ್ಟರೆ 11,700 ಟನ್ ಕಾರ್ಬನ್ ಡೈಆಕ್ಸೈಡ್ ಉಳಿಸಿದ ಲೆಕ್ಕ ಸಿಗುತ್ತಿತ್ತು. ಕ್ರೆಡಿಟ್ ಸಿಗುವಾಗ ಉತ್ಪಾದನೆ ಏರಿಸಿ, ಸಿಗದಾಗ ಇಳಿಸಿದ ಘಟಕಗಳು ಸಂಶೋಧಕರ ಕಣ್ಣಿಗೆ ಬಿದ್ದವು. ಯುರೋಪ್ 2013ರ ಮೇ ತಿಂಗಳಿಂದ ಆ ಕ್ರೆಡಿಟ್‌ಗಳನ್ನು ಒಪ್ಪುವುದನ್ನೇ ನಿಲ್ಲಿಸಿತು. 'ನೀತಿ ಇಲ್ಲದಿದ್ದರೆ ಏನಾಗುತ್ತಿತ್ತು' ಅನ್ನುವುದನ್ನು ಹಣ ಪಡೆಯುವವರೇ ಬರೆಯುವಂತಿದ್ದರೆ ಹೀಗಾಗುತ್ತದೆ.

ಹೆಜ್ಜೆ 7: ಬರೆಯುವಾಗ

ಒಂದೇ ಅಂಕಿ ಕೊಡಬೇಡಿ, ವ್ಯಾಪ್ತಿ ಕೊಡಿ. 'ಶೇ 6 ಇಳಿಕೆ' ಅನ್ನುವುದಕ್ಕಿಂತ 'ಶೇ 1ರಿಂದ 11ರ ನಡುವೆ, ಮಧ್ಯದ ಅಂದಾಜು 6' ಅನ್ನುವುದು ಪ್ರಾಮಾಣಿಕ. ಪರಿಣಾಮ ಕಾಣಲಿಲ್ಲ ಅನ್ನುವುದೂ ಪರಿಣಾಮ ಇಲ್ಲ ಅನ್ನುವುದೂ ಒಂದೇ ಅಲ್ಲ. ನಿಮ್ಮ ಡೇಟಾ ಶೇ 10ಕ್ಕಿಂತ ಚಿಕ್ಕದನ್ನು ಹಿಡಿಯಲಾರದು ಅಂತಾದರೆ ಅದನ್ನೇ ಬರೆಯಿರಿ.

2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ 41 ದೇಶಗಳ ಸುಮಾರು 1,500 ನೀತಿಗಳನ್ನು ನೋಡಿ, ಹೊರಸೂಸುವಿಕೆ ದೊಡ್ಡದಾಗಿ ಕುಸಿದ 63 ಪ್ರಸಂಗಗಳನ್ನು ಗುರುತಿಸಿತು. 'ಉಳಿದವೆಲ್ಲ ವ್ಯರ್ಥ' ಅಂತ ಹಲವರು ಓದಿಕೊಂಡರು. ಆ ವಿಧಾನ ಹುಡುಕುತ್ತಿದ್ದದ್ದೇ ದೊಡ್ಡ, ಹಠಾತ್ ಕುಸಿತಗಳನ್ನು. ನಿಧಾನವಾಗಿ ಫಲ ಕೊಡುವ ನೀತಿ ಆ ಬಲೆಗೆ ಬೀಳುವುದೇ ಇಲ್ಲ. ಅದೇ ವರ್ಷ ಕಾರ್ಬನ್ ಬೆಲೆಯ ಬಗ್ಗೆ 80 ಅಧ್ಯಯನಗಳನ್ನು ಒಟ್ಟುಗೂಡಿಸಿದ ಇನ್ನೊಂದು ಪ್ರಬಂಧ 21 ವ್ಯವಸ್ಥೆಗಳಲ್ಲಿ 17ರಲ್ಲಿ ಶೇ 5ರಿಂದ 21ರ ಇಳಿಕೆ ಕಂಡಿತು. ಗೆಲುವಿನ ಪ್ರಬಂಧಗಳೇ ಹೆಚ್ಚು ಪ್ರಕಟವಾಗುತ್ತವೆ ಎನ್ನುವುದನ್ನು ಸರಿದೂಗಿಸಿದ ಮೇಲೆ ಅದು ಶೇ 4ರಿಂದ 15 ಆಯಿತು. ಅದಕ್ಕೇ ಹೇಳುವುದು, ನಿಮ್ಮ ಉತ್ತರ ಸೊನ್ನೆ ಬಂದರೂ ಪ್ರಕಟಿಸಿ. ಸೊನ್ನೆಗಳು ಕಪಾಟಿನಲ್ಲೇ ಉಳಿದರೆ ನಾಳೆ ನೀತಿ ಬರೆಯುವವರು ತಪ್ಪು ದಾರಿ ಹಿಡಿಯುತ್ತಾರೆ. ಹವಾಮಾನದ ವಿಷಯದಲ್ಲಿ ತಪ್ಪು ದಾರಿ ಹಿಡಿದು ವಾಪಸ್ ಬರುವಷ್ಟು ಸಮಯ ನಮ್ಮ ಬಳಿ ಇಲ್ಲ.

ಸಮಯದ ಲೆಕ್ಕ

ಮೊದಲ ವರ್ಷ ಪ್ರಶ್ನೆ, ಜಾತಕ, ಡೇಟಾ ಕೈಗೆ ಬರುವುದು. ಅರ್ಜಿ ಹಾಕಿ ಡೇಟಾ ಪಡೆಯಬೇಕಿದ್ದರೆ ಮೊದಲ ತಿಂಗಳಲ್ಲೇ ಹಾಕಿ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಎರಡನೇ ವರ್ಷ ಡೇಟಾ ಸ್ವಚ್ಛ ಮಾಡುವುದು ಮತ್ತು ಹೋಲಿಕೆ ಕಟ್ಟುವುದು. ಮೂರನೇ ವರ್ಷ ಮುರಿಯುವ ಪ್ರಯತ್ನ, ಸೋರಿಕೆಯ ಅಧ್ಯಾಯ. ಆಮೇಲೆ ಬರವಣಿಗೆ. ವಿಷಯ ಬದಲಿಸಬೇಕು ಅನ್ನಿಸಿದರೆ ಎರಡನೇ ವರ್ಷದ ನಡುವಿನೊಳಗೆ ಬದಲಿಸಿ. ಹೋಲಿಕೆಗೆ ಯಾರೂ ಸಿಗದ ನೀತಿಯನ್ನು ಹಟ ಹಿಡಿದು ಎಳೆಯಬೇಡಿ.

ಥೀಸಿಸ್ ಸಲ್ಲಿಸುವ ಮುಂಚೆ ಒಂದು ಕೆಲಸ ಬಾಕಿ ಇದೆ. ನಿಮ್ಮ ಕೋಡ್, ಮೂಲ ಡೇಟಾ ಇರುವ ಫೋಲ್ಡರನ್ನು ಪಕ್ಕದ ಮೇಜಿನ ಸಹಪಾಠಿಗೆ ಕೊಡಿ. ಏನೂ ವಿವರಿಸಬೇಡಿ, ಪಕ್ಕದಲ್ಲಿ ಕೂರಲೂ ಬೇಡಿ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಮುಖ್ಯ ಟೇಬಲ್‌ನ ಅದೇ ಅಂಕಿಗಳು ಬಂದರೆ ಸಲ್ಲಿಸಿ. ಬರದಿದ್ದರೆ ಎಲ್ಲಿ ನಿಂತಿತು ಅಂತ ಕೇಳಿ, ಅಲ್ಲಿಂದ ಸರಿಪಡಿಸಿ, ಮತ್ತೆ ಕೊಡಿ.